ನಲವತ್ತೇಳನೇ ಸಾಲು

"ಕೆಂಪು ಗೆರೆ ನಮ್ದೇ ಅಂತೆ ಕಣ್ಲಾ ಮುನಿಸಾಮಿ. ಮೇಡಮ್ಮೋರು ಈಗ್ತಾನೇ ಯೋಳುದ್ರು. ಅದ್ಯಾವ್ದೋ ಪಾತಂತೆ. ಎಲ್ಲಾ ಕೆಲ್ಸಕ್ಕಿಂತ ಅದೇ ಮೊದ್ಲಂತೆ."

ಹೀಗಂದವಳು ದೊಡ್ಡಲಕ್ಷ್ಮಮ್ಮ, ನನ್ನ ಸೋದರಮಾವನ ಹೆಂಡತಿ. ಸೈಟ್ ಆಫೀಸಿನ ಕಸ ಗುಡಿಸುತ್ತಿದ್ದವಳು ಪೊರಕೆ ಕೈಯಲ್ಲೇ ಹಿಡಿದುಕೊಂಡು ನಾನಿದ್ದಲ್ಲಿಗೆ ಬಂದಿದ್ದಳು. ನಾನು ಕಾಂಕ್ರೀಟು ಕಲಸುವ ಮಿಲ್ಲರ್ ಮಷೀನು ಓಡಿಸುತ್ತಿದ್ದೆ. ಅದರ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಮಷೀನು ನಿಲ್ಲಿಸಿದೆ.

"ಯಾವ ಪಾತತ್ತೆ?"

"ನಂಗೇನ್ಲಾ ಗೊತ್ತು. ಕಿಟಿಕಲ್ ಪಾತು ಅಂದ್ರು. ನೀನೇ ಬಂದು ಓದು. ಇಂಗ್ಲೀಸು ಬತ್ತದೆ ಅಂತ ಹಟ್ಟಿ ತುಂಬ ಯೋಳ್ಕಂಡು ತಿರುಗ್ತೀಯಲ್ಲ."

ಅದು ಸುಳ್ಳಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆದರೆ ಸಿಮೆಂಟ್ ಚೀಲ ಓದಿ, ಲಾರಿ ಬೆನ್ನು ಓದಿ, ಔಷಧಿ ಅಂಗಡಿ ಬೋರ್ಡು ಓದಿ ಇಂಗ್ಲಿಷ್ ಅಕ್ಷರ ಕೂಡಿಸುವುದನ್ನು ಕಲಿತಿದ್ದೆ. ಹಟ್ಟಿಯಲ್ಲಿ ಯಾರಿಗೆ ಕಾಗದ ಬಂದರೂ ನನ್ನ ಹತ್ತಿರ ಬರುತ್ತಿತ್ತು. ಗೊತ್ತಿಲ್ಲದ ಮಾತಿಗೂ ನಾನು ಏನಾದರೊಂದು ಅರ್ಥ ಹೇಳಿ ಕಳಿಸುತ್ತಿದ್ದೆ. ಗೊತ್ತಿಲ್ಲ ಅನ್ನುವುದಕ್ಕೆ ನಾಚಿಕೆ.

ಕೈ ತೊಳೆದುಕೊಂಡು ಹೋದೆ. ಆಫೀಸಿನ ಗೋಡೆಯ ಉದ್ದಕ್ಕೂ ಕಾಗದ ಅಂಟಿಸಿದ್ದರು. ಸಾಲು ಸಾಲಾಗಿ ಕೆಲಸಗಳು, ಎದುರಿಗೆ ಅಡ್ಡ ಗೆರೆಗಳು. ಕೆಲವು ನೀಲಿ, ಕೆಲವು ಕೆಂಪು. ಕೆಂಪು ಗೆರೆ ಒಂದರ ಬಾಲ ಹಿಡಿದು ಇನ್ನೊಂದು ಅಂತ ಮೂಲೆಯಿಂದ ಮೂಲೆಗೆ ಇಳಿದಿತ್ತು. ಅದರ ಪಕ್ಕ ಬರೆದಿದ್ದನ್ನು ಅಕ್ಷರ ಕೂಡಿಸಿ ಓದಿದೆ. ಕ್ರಿಟಿಕಲ್. ಪಾತ್.

ಪಾತ್ ಅಂದರೆ ದಾರಿ, ಫುಟ್‌ಪಾತ್ ನೋಡಿದವರಿಗೆಲ್ಲ ಗೊತ್ತು. ಕ್ರಿಟಿಕಲ್ ಅನ್ನುವ ಮಾತು ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ನನ್ನವ್ವನನ್ನು ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿದ್ದಾಗ ಡಾಕ್ಟರು ಹೊರಗೆ ಬಂದು ಅಂದಿದ್ದು ಅದೊಂದೇ ಮಾತು: ಕ್ರಿಟಿಕಲ್. ಸಂಜೆಗೆ ಅವ್ವ ಹೋದಳು. ಕ್ರಿಟಿಕಲ್ ಅಂದರೆ ಜೀವ ಹೋಗುವುದು. ಕ್ರಿಟಿಕಲ್ ಪಾತ್ ಅಂದರೆ ಜೀವ ಹೋದವರ ದಾರಿ. ಇದಕ್ಕಿಂತ ಬಿಡಿಸಿ ಯಾರು ಬರೆದಾರು?

"ನಮ್ದೇ ಅತ್ತೆ," ಅಂದೆ. "ಮಸಾಣದ ದಾರಿ. ಕೆಂಪಲ್ಲಿ ಆಕವ್ರೆ."

ಅತ್ತೆ ಆ ಕಾಗದಕ್ಕೆ ಕೈ ಮುಗಿದಳು.

ಹಟ್ಟಿಗೂ ನಮ್ಮ ಮಸಾಣಕ್ಕೂ ನಡುವೆ ಆ ಕಾರ್ಖಾನೆ ಬಂದು ಕೂತಿತ್ತು. ತಿಪ್ಪಸಂದ್ರದ ರಸ್ತೆಯಿಂದ ಒಂದೂವರೆ ಮೈಲಿ ಒಳಕ್ಕೆ. ಕಾರಿನ ದೀಪಕ್ಕೆ ಗಾಜು ಮಾಡುವ ಕಾರ್ಖಾನೆಯಂತೆ. ರಾಮನಗರ ಜಿಲ್ಲೆ ಆದ ವರ್ಷವೇ ಪಾಯ ತೆಗೆದರು. ಜಮೀನು ಊರ ಗೌಡರದು. ಮಾರಿಕೊಂಡರು, ಅದು ಅವರ ಇಷ್ಟ. ಆದರೆ ಅದರೊಳಗೆ ನಮ್ಮ ಹೆಣದ ದಾರಿಯೂ ಸೇರಿ ಮಾರಾಟವಾಗಿತ್ತು. ಆ ದಾರಿ ಯಾರ ಹೆಸರಿನಲ್ಲೂ ಇರಲಿಲ್ಲ. ಅದರಲ್ಲಿ ಹೋದವರು ತಕರಾರು ಹೇಳಲು ವಾಪಸ್ಸು ಬರಲಿಲ್ಲ.

ಸುತ್ತ ಗೋಡೆ ಕಟ್ಟಿದವರು ಯಾರು? ನಾವೇ. ಹಟ್ಟಿಯ ಇಪ್ಪತ್ತನಾಲ್ಕು ಜನ. ಹದಿನಾಲ್ಕು ಹೆಂಗಸರು, ಹತ್ತು ಗಂಡಸರು. ಸಾಲಾಗಿ ನಿಂತು, ಕೈಯಿಂದ ಕೈಗೆ ಸಿಮೆಂಟ್ ಇಟ್ಟಿಗೆ ದಾಟಿಸಿ ನಮ್ಮ ದಾರಿಯನ್ನು ನಾವೇ ಮುಚ್ಚಿದೆವು. ಗೋಡೆ ನೆಟ್ಟಗೆ ಬಂದಿದೆ ಅಂತ ಹೊಗಳಿಸಿಕೊಂಡೆವು ಕೂಡ.

ಗೋಡೆ ಮುಗಿದ ಹದಿನೈದು ದಿನಕ್ಕೆ ಯಲ್ಲಮ್ಮ ಸತ್ತಳು. ಹಟ್ಟಿಯ ಹಿರಿಯ ಮುದುಕಿ. ಊರ ಬೀದಿಯಲ್ಲಿ ನಮ್ಮ ಹೆಣ ಹೋಗುವಂತಿಲ್ಲ. ಹಾಗಂತ ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯ ಬಿದ್ದಿಲ್ಲ. ಸುತ್ತಿಕೊಂಡು ಹೋದರೆ ನಾಲ್ಕು ಮೈಲಿ. ಕಾರ್ಖಾನೆಯ ಹಿಂಬದಿಗೆ ಆಗಿನ್ನೂ ಒಂದು ಸಣ್ಣ ಬಾಗಿಲಿತ್ತು. ಮುಂದಿನ ಗೇಟಿನಿಂದ ಹೋಗಿ ಅದರಲ್ಲಿ ದಾಟೋಣ ಅಂತ ಹೊತ್ತುಕೊಂಡು ಹೋದೆವು.

ಗೇಟಿನಲ್ಲಿ ಸೆಕ್ಯುರಿಟಿಯವನು ರಿಜಿಸ್ಟರು ತೆಗೆದ. ಹೊಸಬ, ಪಾಪ, ಕೆಲಸಕ್ಕೆ ಸೇರಿ ವಾರವಾಗಿರಲಿಲ್ಲ. ಎಷ್ಟು ಜನ ಅಂದ. ಎಣಿಸಿದ. ಹತ್ತೊಂಬತ್ತು ಅಂತ ಬರೆದ. ಚಟ್ಟದ ಮೇಲಿದ್ದವಳನ್ನೂ ಸೇರಿಸಿ. ಯಾರನ್ನು ನೋಡಬೇಕು ಅನ್ನುವ ಕಡೆ ಏನೂ ಬರೆಯದೆ ಗೀಟು ಎಳೆದ.

ಮಣ್ಣು ಮಾಡಿ ವಾಪಸ್ಸು ಬಂದಾಗ ಮತ್ತೆ ಎಣಿಸಿದ. ಹದಿನೆಂಟು.

"ಒಬ್ರು ಕಮ್ಮಿ ಅವ್ರೆ," ಅಂದ. "ಒಳಗೆ ಉಳ್ಕಂಡೋರು ಯಾರು?"

ತಮಾಷೆಗಲ್ಲ. ಅವನ ಮುಖ ಬೆವೆತಿತ್ತು. ಲೆಕ್ಕ ತಾಳೆಯಾಗದೆ ಬಿಟ್ಟರೆ ಕೆಲಸ ಹೋಗುತ್ತದೆ ಅಂತ ಹೇಳಿಕೊಟ್ಟಿದ್ದರು. ದೊಡ್ಡ ಸಾಹೇಬರಿಗೆ ಫೋನು ಮಾಡಿ, ಅವರು ಊಟ ಮುಗಿಸಿ ಫೋನು ಎತ್ತುವವರೆಗೆ ಗೇಟಿನ ಒಳಗೇ ನಿಂತಿದ್ದೆವು. ಕೈಯಲ್ಲಿ ಮಸಾಣದ ಮಣ್ಣು ಒಣಗಿ ಉದುರುತ್ತಿತ್ತು. ನಮ್ಮ ಕೆಂಚಯ್ಯ ಮಾವ, ಅತ್ತೆಯ ಗಂಡ, ನೆಲದ ಮೇಲೆ ಕೂತು ಕೆಮ್ಮುತ್ತಿದ್ದ. ಕೆಮ್ಮು ಮುಗಿದ ಮೇಲೆ ಅಂದ:

"ನಾನು ಮಾತ್ರ ಗೇಟ್ ಪಾಸ್ ಬರುಸ್ಕಂಡು ಸಾಯಾಕಿಲ್ಲ ಕಣ್ರಲಾ."

ಮಾವ ರಾಮನಗರದ ಬಂಡೆಗಳಲ್ಲಿ ಮೂವತ್ತು ವರ್ಷ ಕಲ್ಲು ಒಡೆದವನು. ಆ ಕಲ್ಲಿನ ಪುಡಿ ಈಗ ಅವನ ಎದೆಯೊಳಗೆ ಕೂತಿತ್ತು. ಡಾಕ್ಟರು ದಿನ ಹೇಳಿರಲಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಮಸಾಣದಲ್ಲಿ ಅವನವ್ವನ ಗುಡ್ಡೆಯ ಪಕ್ಕ ಒಂದಾಳುದ್ದ ಜಾಗ ಬಿಟ್ಟುಕೊಂಡಿದ್ದ. ಅಲ್ಲಿಗೆ ತನ್ನ ಜನರ ಹೆಗಲ ಮೇಲೆ, ಯಾರನ್ನೂ ಕೇಳದೆ ಹೋಗಬೇಕು. ಅವನಿಗಿದ್ದ ಆಸೆ ಅದೊಂದೇ.

ಆ ಗೇಟಿನ ಗಲಾಟೆ ಆದಮೇಲೆ ಹಿಂದಿನ ಬಾಗಿಲಿಗೂ ಇಟ್ಟಿಗೆ ಕಟ್ಟಿಸಿದರು. ಕಟ್ಟಿದ್ದು ನಾವೇ. ಆಗ ಕಂಪನಿಯವರು ಒಂದು ಮಾತು ಕೊಟ್ಟರು: ಗೋಡೆಯ ಹೊರಗೆ, ಪೂರ್ವದ ಅಂಚಿಗೆ ಹತ್ತಡಿ ದಾರಿ. ನಡುವೆ ಅವರು ತೋಡಿದ ಆಳದ ಚರಂಡಿ ದಾಟಲು ಪೈಪು ಹಾಕಿ ಒಂದು ಮೋರಿ. ಮೋರಿಯ ಪೈಪು ಮೂರು ಬಂದು ಬಿದ್ದವು. ಅದರೊಳಗೆ ನಮ್ಮ ಆಡುಗಳು ಮಲಗಲು ಕಲಿತವು. ಕೆಲಸ ಯಾವಾಗ ಅಂದರೆ "ಚಾರ್ಟಿನಲ್ಲಿ ಹಾಕಿದ್ದೀವಿ" ಅನ್ನುತ್ತಿದ್ದರು.

ಆ ಚಾರ್ಟನ್ನೇ ನಾನು ಓದಿದ್ದು.

ಓದಿದ ಮೇಲೆ ನಾವು ಹೇಗೆ ದುಡಿದೆವು ಅಂದರೆ, ಹೇಳಬಾರದು. ಕೆಂಪು ಗೆರೆಯ ಕೆಲಸ ಒಂದೊಂದೇ ಮುಗಿದರೆ ಕೊನೆಗೆ ಮಸಾಣದ ದಾರಿ ಸಿಗುತ್ತದೆ ಅಂತ ಲೆಕ್ಕ. ಭಾನುವಾರದ ರಜೆ ಬಿಟ್ಟೆವು. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಕಂಬದ ಗುಂಡಿಗೆ ಇಳಿದೆವು. ಹೆಂಗಸರು ತಲೆಗೆ ಬಟ್ಟೆಯ ಸಿಂಬಿ ಇಟ್ಟು ಕಾಂಕ್ರೀಟಿನ ಬಾಂಡ್ಲಿ ಹೊತ್ತರು, ದಿನಕ್ಕೆ ಮುನ್ನೂರು ಸಲ ಹತ್ತಿ ಇಳಿದರು. ಅತ್ತೆಯ ನೆತ್ತಿಯ ಕೂದಲು ಸಿಂಬಿಯ ಅಗಲಕ್ಕೆ ಉದುರಿತು. ಸಿಮೆಂಟು ತಿಂದು ಕಾಲ್ಬೆರಳ ಸಂದಿಯಲ್ಲಿ ರಕ್ತ. ಆಫೀಸಿನವರಿಗೆ ಕ್ಯಾನಿನ ನೀರು, ನಮಗೆ ಗೋಡೆಗೆ ಹೊಡೆಯುವ ತೊಟ್ಟಿಯ ನೀರು. ಯಾರೂ ಸೊಲ್ಲೆತ್ತಲಿಲ್ಲ. ನಮ್ಮನ್ನು ಕೆಲಸಕ್ಕೆ ಒದಗಿಸುತ್ತಿದ್ದ ಲೇಬರ್ ಕಂಟ್ರಾಕ್ಟರು ಲೋಕೇಶ, ಊರ ಗೌಡರ ಹುಡುಗ, ಅವನಿಗೇ ಆಶ್ಚರ್ಯ.

"ಏನಮ್ಮಿ ದೊಡ್ಡಿ, ಮೈಮೇಲೆ ದ್ಯಾವ್ರು ಬಂದೈತಾ?" ಅನ್ನುತ್ತಿದ್ದ. ಅತ್ತೆಗೆ ಅವನ ಅಜ್ಜಿಯ ವಯಸ್ಸು.

"ಹೂಂ ಗೌಡ. ಕೆಂಪು ದ್ಯಾವ್ರು," ಅನ್ನುತ್ತಿದ್ದಳು.

ಮೂರು ತಿಂಗಳು ಹೀಗೆ. ಮಾರ್ಚಿಗೆ ಕಂಬ ಎದ್ದವು, ತೊಲೆ ಕೂತವು. ಒಂದು ದಿನ ಮಾವ ಕೋಲೂರಿಕೊಂಡು, ಮೂರು ಕಡೆ ಕೂತು ಎದ್ದು, ಸೈಟಿಗೆ ಬಂದ. ಚರಂಡಿಯ ಅಂಚಿನಲ್ಲಿ ನಿಂತು ನೋಡಿದ. ಪೈಪು ಬಿದ್ದಲ್ಲೇ ಬಿದ್ದಿದ್ದವು. ಆಡು ಮೆಲುಕು ಹಾಕುತ್ತಿತ್ತು.

"ಮುನಿಸಾಮಿ, ಕೆಂಪು ಗೆರೆ ಎಲ್ಲಿಗೆ ಬತ್ಲಾ?"

"ಬತ್ತೈತೆ ಮಾವ. ಸ್ಲಾಬು ಒಂದು ಬಾಕಿ ಐತೆ."

"ಸ್ಲಾಬಿಗೂ ಮಸಾಣಕ್ಕೂ ಏನ್ಲಾ ಸಂಬಂಧ?"

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಆವತ್ತು ಮಧ್ಯಾಹ್ನ ಪ್ರತಿಮಾ ಮೇಡಂ ಹತ್ತಿರ ಹೋದೆ. ಚಾರ್ಟು ಬರೆಯುವವರು ಅವರೇ. ಚನ್ನಪಟ್ಟಣದ ಕಡೆಯವರು, ಇಪ್ಪತ್ತೈದರ ಹುಡುಗಿ. ಕೆಟ್ಟವರಲ್ಲ. ಸೈಟಿನಲ್ಲಿ ನನ್ನನ್ನು 'ಮುನಿಶಾಮಯ್ಯನವರೇ' ಅಂತ ಕರೆಯುತ್ತಿದ್ದವರು ಅವರೊಬ್ಬರೇ. ಅದಕ್ಕೇ ಕೇಳಲು ಧೈರ್ಯ ಬಂತು.

"ಮೇಡಂ, ನಮ್ಮ ದಾರಿ ಯಾವಾಗ ಸುರುವಾಯ್ತದೆ? ಕೆಂಪು ಗೆರೇದು."

ಅವರು ಮೊದಲು ಅರ್ಥವಾಗದೆ ನೋಡಿದರು. ಆಮೇಲೆ ಅರ್ಥವಾಯಿತು. ನಗು ಬಂದಿರಬೇಕು, ತಡೆದುಕೊಂಡರು. ಅದಕ್ಕೆ ಅವರನ್ನು ಮೆಚ್ಚಬೇಕು.

"ಮುನಿಶಾಮಯ್ಯನವರೇ, ಅದು ದಾರಿ ಅಲ್ಲ. ಕೆಂಪು ಗೆರೆ ನಿಮ್ಮದು ಅಂದಿದ್ದು ಆ ಕೆಲಸ ನಿಮ್ಮ ಗ್ಯಾಂಗಿಂದು ಅಂತ. ಕ್ರಿಟಿಕಲ್ ಪಾತ್ ಅಂದ್ರೆ ಒಂದು ದಿನಾನೂ ತಡ ಆಗಬಾರದ ಕೆಲಸಗಳ ಸಾಲು. ಅದು ಒಂದು ದಿನ ನಿಂತ್ರೆ ಇಡೀ ಫ್ಯಾಕ್ಟರಿ ಒಂದು ದಿನ ಲೇಟು. ನಿಮ್ಮ ದಾರಿ ಇಲ್ಲಿದೆ, ನೋಡಿ."

ಬಗ್ಗಿ ಕೆಳಗೆ ತೋರಿಸಿದರು. ಕೊನೆಯ ಸಾಲು. ನಲವತ್ತೇಳು. ಬೆರಳುದ್ದದ ನೀಲಿ ಗೆರೆ. ನಾಲ್ಕು ದಿನದ ಕೆಲಸ. ಗೆರೆಯ ಮುಂದೆ ಚುಕ್ಕಿ ಚುಕ್ಕಿ ಚುಕ್ಕಿ, ಕಾಗದ ಮುಗಿಯುವವರೆಗೆ.

"ಈ ಚುಕ್ಕಿ?"

"ಫ್ಲೋಟು. ಅಂದ್ರೆ ಎಷ್ಟು ದಿನ ತಡ ಆದ್ರೂ ನಡೆಯುತ್ತೆ ಅನ್ನೋದು. ಇದಕ್ಕೆ ನೂರ ತೊಂಬತ್ತು ದಿನ ಇದೆ. ನಮ್ಮ ಹತ್ರ ಇರೋದು ಒಂದು ಗ್ಯಾಂಗು, ಒಂದು ಮಿಕ್ಸರು. ರೆಡಿಮಿಕ್ಸ್ ಲಾರಿಗಳು ದೊಡ್ಡ ಕಂಪನಿಗಳ ಕಡೆಗೆ ಹೋಗ್ತವೆ, ನಮಗೆ ಸಿಗಲ್ಲ. ಎರಡು ಕೆಲಸಕ್ಕೆ ಅದೇ ಜನ ಬೇಕಾದಾಗ, ಯಾವುದಕ್ಕೆ ಫ್ಲೋಟು ಇದೆಯೋ ಅದು ಕಾಯಬೇಕು. ಕಾಯೋ ಶಕ್ತಿ ಇರೋದು ಕಾಯುತ್ತೆ. ಅದು ನಿಯಮ."

ಆ ನಿಯಮ ನನಗೆ ಹೊಸದಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಊರ ಬಾವಿಯಲ್ಲಿ ಎಲ್ಲರೂ ಸೇದಿದ ಮೇಲೆ ನಮಗೆ ಯಾರಾದರೂ ಹುಯ್ಯುತ್ತಿದ್ದರು: ಫ್ಲೋಟು. ಕರೆಂಟು ಊರಿಗೆ ಬಂದು ಹದಿನೇಳು ವರ್ಷಕ್ಕೆ ಹಟ್ಟಿಗೆ ಬಂತು: ಫ್ಲೋಟು. ಹುಟ್ಟುವಾಗಲೇ ನಮಗೆ ಹಣೆಯ ತುಂಬ ಚುಕ್ಕಿ ಇಟ್ಟು ಕಳಿಸಿದ್ದರು. ಕಾಯುವ ಶಕ್ತಿ ನಮ್ಮಷ್ಟು ಇನ್ಯಾರಿಗಿದೆ?

"ಬೇಗ ಮಾಡ್ಸಕ್ಕೆ ಆಗಾಕಿಲ್ವಾ ಮೇಡಂ?"

"ಅದರ ಹಿಂದೆ ಇನ್ನೊಂದು ಕೆಲಸ ಕಾಯ್ತಾ ಇದ್ರೆ ಮೇಲಕ್ಕೆ ಬರುತ್ತಿತ್ತು. ಅದರ ಹಿಂದೆ ಯಾರೂ ಕಾಯ್ತಾ ಇಲ್ಲವಲ್ಲ."

ಹಟ್ಟಿಗೆ ಬಂದು ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಮೂರು ತಿಂಗಳು ಇಪ್ಪತ್ತನಾಲ್ಕು ಜನರ ಬೆನ್ನು ಬಗ್ಗಿಸಿದ್ದು ನನ್ನ ಇಂಗ್ಲಿಷು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾವ ಮಾತ್ರ ನಕ್ಕು, ನಕ್ಕಿದ್ದು ಕೆಮ್ಮಾಗಿ, ಕೆಮ್ಮಿ ಕೆಮ್ಮಿ ಸುಮ್ಮನಾಗಿ, ಕೇಳಿದ:

"ಅದ್ರ ಹಿಂದೆ ಯಾರೂ ಕಾಯ್ತಾ ಇಲ್ಲ ಅಂದ್ರೇನ್ಲಾ?"

"ಅಂದ್ರು ಮಾವ."

ಮಾರನೇ ಬೆಳಿಗ್ಗೆ ಅವನೇ ಆಫೀಸಿಗೆ ಬಂದ. ಬಾಗಿಲ ಹೊಸ್ತಿಲ ಹೊರಗೆ ನಿಂತ. ಮೇಡಂ ಒಳಗೆ ಬನ್ನಿ ಅಜ್ಜ ಅಂದರು. ಒಳಗೆ ಹೋಗಲಿಲ್ಲ, ಹೊಸ್ತಿಲ ಹತ್ತಿರವೇ ಕೂತ.

"ನಿಮ್ಮ ಪಟದಾಗೆ ನಂದೊಂದು ಕೆಲ್ಸ ಬರ್ಕಬೇಕಲ್ಲ ತಾಯಿ."

"ಏನು ಕೆಲಸ?"

"ಸಾಯೋದು."

ಮೇಡಂ ಪೆನ್ನು ಕೆಳಗಿಟ್ಟರು.

"ಹೆದ್ರುಕಬ್ಯಾಡಿ. ದಾರಿ ಹಿಂದೆ ಇನ್ನೊಂದು ಕೆಲ್ಸ ಕಾಯ್ತಾ ಇರ್ಬೇಕು ಅಂದ್ರಂತೆ. ನಾನು ಕಾಯ್ತಾ ಇವ್ನಿ. ಸುರುವಾಗಿ ಒಂದು ವರ್ಸ ಆಯ್ತು, ಅರ್ಧಕ್ಕಿಂತ ಜಾಸ್ತಿ ಮುಗ್ದೈತೆ. ಮುಗಿಯೋ ತಾರೀಕು ಬೇಕು ಅಂದ್ರೆ ವರ್ಸತೊಡಕಿನ ಮಾರ್ನೆ ದಿಸ ಆಕ್ಕಳಿ. ಉಗಾದಿ ಹೋಳಿಗೆ ತಿಂದು, ತೊಡಕಿನ ಬಾಡು ತಿಂದು ಓಯ್ತೀನಿ. ಅಷ್ಟರೊಳಗೆ ದಾರಿ ಆಗ್ಬೇಕು ನೋಡಿ."

ಮೇಡಂ ಹೆಸರು ಕೇಳಿಕೊಂಡರು. ಆಮೇಲೆ ನಿಜವಾಗಿಯೂ ಕಂಪ್ಯೂಟರಿಗೆ ತಿರುಗಿದರು. ನಲವತ್ತೆಂಟನೇ ಸಾಲು ಬರೆದರು: ಕೆಂಚಯ್ಯ. ಏಪ್ರಿಲ್ ಒಂಬತ್ತು. ಏನೋ ಒತ್ತಿದರು. ನಾನು ನನ್ನ ಕಣ್ಣಾರೆ ನೋಡಿದೆ. ನಲವತ್ತೇಳನೇ ಸಾಲಿನ ಚುಕ್ಕಿಗಳೆಲ್ಲ ಮಾಯವಾಗಿ, ನೀಲಿ ಗೆರೆ ಕೆಂಪಾಯಿತು. ಯಂತ್ರಕ್ಕೆ ಜಾತಿ ಇಲ್ಲ ಅನ್ನುತ್ತಾರೆ. ಇರಲಿಕ್ಕಿಲ್ಲ. ಒಬ್ಬ ಸಾಯುತ್ತಿದ್ದಾನೆ ಅಂತ ಹೇಳಿದರೆ ಅದಕ್ಕೆ ತಕ್ಷಣ ಅರ್ಥವಾಗುತ್ತಿತ್ತು. ಯಾರೂ ಹೇಳಿರಲಿಲ್ಲ, ಅಷ್ಟೆ.

ಎರಡು ದಿನ ನಮ್ಮ ದಾರಿ ಕೆಂಪಾಗಿತ್ತು. ಮೂರನೇ ದಿನ ಹೆಡ್ ಆಫೀಸಿನಿಂದ ಫೋನು ಬಂತು. ಕೆಂಚಯ್ಯ ಅನ್ನುವವರು ಯಾವ ಸಪ್ಲೈಯರು, ಏನು ಸಪ್ಲೈ ಮಾಡುತ್ತಾರೆ, ಅವರಿಂದ ಪ್ರಾಜೆಕ್ಟು ತಡವಾಗುವ ಹಾಗಿದ್ದರೆ ಬೇರೆಯವರನ್ನು ಹಿಡಿಯಿರಿ ಅಂದರಂತೆ. ಮೇಡಂ ವಿಷಯ ಹೇಳಿದರು. ಹೇಳಿ ಬೈಸಿಕೊಂಡರು. ಸಾಲು ಅಳಿಸಿದರು. ಅಳಿಸಿ, ಹೊಸ ಚಾರ್ಟು ಅಂಟಿಸುವಾಗ ನನ್ನ ಮುಖ ನೋಡಲಿಲ್ಲ. ಏಪ್ರಿಲ್ ಹದಿನೈದಕ್ಕೆ ಪರದೇಶದಿಂದ ಮಷೀನುಗಳು ಬಂದಿಳಿಯುತ್ತವೆ, ಅಷ್ಟರೊಳಗೆ ತಾರಸಿ ಆಗಬೇಕು, ಸೋಮವಾರವೇ ಸ್ಲಾಬು. ನಲವತ್ತೇಳನೇ ಸಾಲು ಮತ್ತೆ ನೀಲಿ. ಫ್ಲೋಟು ಇನ್ನೂರ ಹದಿನಾಲ್ಕು.

"ಬೆಳ್ದೈತೆ," ಅಂದೆ.

ಲೋಕೇಶ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. "ಮುದ್ಕ ಇನ್ನೂ ಗಟ್ಟಿಯಾಗವ್ನೆ ಕಣ್ಲಾ. ಸತ್ತಾಗ ನೋಡ್ಕಳಣ. ಟ್ರ್ಯಾಕ್ಟರ್ ಕೊಡ್ತೀನಿ, ಸುತ್ಕಂಡು ಓಗಿ. ನಾಲ್ಕು ಮೈಲಿ ಏನು ದೂರ? ಅವ್ನೇನು ನಡೀಬೇಕಾ?" ಅಂದು ತಾನೇ ನಕ್ಕ.

ಅತ್ತೆ ಮೂಲೆಯಲ್ಲಿ ಕಸ ಗುಡಿಸುತ್ತಿದ್ದಳು. ಪೊರಕೆ ನಿಂತಿತು. ಮತ್ತೆ ಗುಡಿಸಿದಳು. ಕಸವನ್ನು ಅವನ ಕುರ್ಚಿಯ ಕೆಳಗಿನಿಂದಲೂ ಎಳೆದು ಹೊರಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ಆರಕ್ಕೆ ಇಪ್ಪತ್ತನಾಲ್ಕು ಜನವೂ ಬಂದೆವು. ಸಲಿಕೆ, ಗುದ್ದಲಿ, ಹಾರೆ, ಬಾಂಡ್ಲಿ ಎತ್ತಿಕೊಂಡೆವು. ಜಲ್ಲಿ ರಾಶಿ ಬಿದ್ದಿತ್ತು, ಮರಳು ಜರಡಿಯಾಗಿತ್ತು, ಮೇಲೆ ಹಲಗೆಯ ಮೇಲೆ ಕಬ್ಬಿಣ ಕಟ್ಟಿ ಮುಗಿದಿತ್ತು. ಲೋಕೇಶ ಮಿಲ್ಲರಿಗೆ ಊದುಬತ್ತಿ ಹಚ್ಚಿ, ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದ.

"ಸುರು ಮಾಡ್ಲಾ ಮುನಿಸಾಮಿ."

ನಾನು ಅತ್ತೆಯನ್ನು ನೋಡಿದೆ. ಅತ್ತೆ ಸಿಂಬಿ ತಲೆಗಿಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ದಿನ ಹಟ್ಟಿಯಲ್ಲಿ ಹುಡುಗರು ಒಂದು ಉಪಾಯ ಹೇಳಿದ್ದರು. ಸ್ಲಾಬು ಅರ್ಧ ಹಾಕಿ ನಿಲ್ಲಿಸಿಬಿಡೋಣ. ಅರ್ಧಕ್ಕೆ ನಿಂತ ಸ್ಲಾಬು ಸೀಳು ಬಿಡುತ್ತದೆ, ಆಗ ಕಾಲಿಗೆ ಬೀಳುತ್ತಾರೆ ಅಂತ. ಅತ್ತೆ ಒಪ್ಪಲಿಲ್ಲ. "ಕೆಲ್ಸ ಕೆಡ್ಸಬ್ಯಾಡಿ. ಕೆಟ್ಟ ಕೆಲ್ಸಕ್ಕೆ ನಮ್ಮ ಕೈಯೇ ಅಂಟ್ಕಂಡಿರ್ತದೆ. ಸುರೂನೇ ಮಾಡ್ಬ್ಯಾಡಿ," ಅಂದಿದ್ದಳು.

"ಗೌಡ," ಅಂದಳು ಈಗ, "ಇವತ್ತು ಸ್ಲಾಬಿಲ್ಲ."

"ಏನಮ್ಮಿ ಅಂದೆ?"

"ಸ್ಲಾಬಿಗೆ ಒಂದು ದಿಸ ಫ್ಲೋಟು ಕೊಟ್ಟಿವಿ. ಇವತ್ತು ನಲವತ್ತೇಳು."

ಹೇಳಿ ತಿರುಗಿ ನಡೆದಳು. ಹಿಂದೆ ಇಪ್ಪತ್ತಮೂರು ಜನ. ಗೇಟಿನಲ್ಲಿ ಸೆಕ್ಯುರಿಟಿಯವನು ರಿಜಿಸ್ಟರು ತೆಗೆಯುವಷ್ಟರಲ್ಲಿ ಹೊರಗಿದ್ದೆವು. ಗೋಡೆಯ ಪೂರ್ವದ ಅಂಚಿಗೆ ಹೋಗಿ ಮೊದಲು ಪೈಪಿನಿಂದ ಆಡುಗಳನ್ನು ಎಬ್ಬಿಸಿದೆವು.

ಲೋಕೇಶ ಬಂದ. ಬೈದ. ಅವನು ಬೈದಿದ್ದನ್ನು ಬರೆಯುವುದಿಲ್ಲ. ನಮ್ಮ ತಾಯಂದಿರ ಹೆಸರು, ನಮ್ಮ ಕೇರಿಯ ಹೆಸರು ಅದರಲ್ಲಿತ್ತು. ಆಮೇಲೆ ಮೊಬೈಲು ತೆಗೆದ. ಚನ್ನಪಟ್ಟಣದಲ್ಲಿ ಮುನಾವರ ಅನ್ನುವ ಮೇಸ್ತ್ರಿಯ ಗ್ಯಾಂಗಿಗೆ ಫೋನು ಮಾಡಿದ. ಅವರು ಬಿಡದಿ ಕಡೆ ಹೋಗಿದ್ದರು, ತಿಂಗಳು ಬಿಡುವಿಲ್ಲ. ಸಾತನೂರಿಗೆ ಮಾಡಿದ. ಅಲ್ಲಿಯೂ ಇಲ್ಲ. ಕನಕಪುರ, ಗುಡೇಮಾರನಹಳ್ಳಿ, ಎಲ್ಲಿಯೂ ಜನ ಇಲ್ಲ. ಎಲ್ಲ ಕಡೆ ಕಾರ್ಖಾನೆ ಏಳುತ್ತಿತ್ತು. ಜನ ಒಂದೇ ಸಲ ಎರಡು ಕಡೆ ಇರಲು ಆಗುವುದಿಲ್ಲ ಅನ್ನುವುದು ಅವನಿಗೆ ಆವತ್ತು ಗೊತ್ತಾಯಿತು. ಮೇಡಂ ನನಗೆ ಹೇಳಿಕೊಟ್ಟ ಪಾಠವೇ. ನಮ್ಮ ಹತ್ತಿರ ಇರುವುದು ಒಂದು ಗ್ಯಾಂಗು. ಆ ಗ್ಯಾಂಗು ನಾವು.

ಚರಂಡಿಗೆ ಇಳಿದೆವು. ಸೊಂಟದವರೆಗೆ ಕೊಳೆ. ಪೈಪು ಉರುಳಿಸಿ ಕೂರಿಸುವಾಗ ನನ್ನ ಹೆಬ್ಬೆರಳ ಉಗುರು ಹೋಯಿತು. ಹೆಂಗಸರು ಬೇಲಿ ಕಡಿದರು, ಜಾಲಿ ಮುಳ್ಳು ಎಳೆದರು, ಬುಟ್ಟಿಯಲ್ಲಿ ಮಣ್ಣು ಹೊತ್ತರು. ಅದೇ ನೆತ್ತಿ, ಅದೇ ಭಾರ. ಆದರೆ ಯಾರೂ ಕೂತು ಸುಧಾರಿಸಿಕೊಳ್ಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಖಾನೆಯ ಜೆಸಿಬಿ ಗಡಗಡ ಅನ್ನುತ್ತ ನಮ್ಮ ಕಡೆ ಬಂತು. ಹಾಕಿದ್ದನ್ನು ಕೀಳಲು ಕಳಿಸಿದರು ಅಂದುಕೊಂಡೆ. ಡ್ರೈವರು ಫಕ್ರುದ್ದೀನ್ ತಲೆ ಹೊರಗೆ ಹಾಕಿದ.

"ನಂಗೂ ಒಂದ್ ಗಂಟೆ ಊಟದ ಫ್ಲೋಟ್ ಐತೆ. ಮಣ್ ಎಲ್ಲಿ ತಳ್ಳಾಣ?"

ನಾಲ್ಕು ದಿನದ ಕೆಲಸ ಅಂತ ಚಾರ್ಟಿನಲ್ಲಿತ್ತು. ಸಂಜೆ ಐದಕ್ಕೆ ಮುಗಿಯಿತು. ಅಂದವಿಲ್ಲ, ಅಲ್ಲಲ್ಲಿ ಏರು ತಗ್ಗು. ಆದರೆ ನಾಲ್ಕು ಜನ ಹೆಗಲು ಕೊಟ್ಟು ಪಕ್ಕದಲ್ಲಿ ತಮಟೆಯವರು ನಡೆಯುವಷ್ಟು ಅಗಲ. ಅಳೆದು ನೋಡಿದ್ದೆವು.

ಲೋಕೇಶ ಮತ್ತೆ ಬಂದ. ದಿನವಿಡೀ ಫೋನಿನಲ್ಲಿ ಕೂಗಿ ಗಂಟಲು ಬಿದ್ದಿತ್ತು. ದೂರದಲ್ಲೇ ನಿಂತು ಕೇಳಿದ:

"ನಾಳೆ ಆರಕ್ಕೆ ಸ್ಲಾಬು. ಬತ್ತೀರಾ?"

ಬನ್ರಲಾ ಅನ್ನುತ್ತಿದ್ದವನು ಬತ್ತೀರಾ ಅಂತ ಕೇಳಿದ್ದು ಅದೇ ಮೊದಲು. ನಾವು ಉತ್ತರ ಕೊಡಲಿಲ್ಲ. ಕಾಯಲಿ ಅಂತ.

ಅವನು ಹೋದ ಮೇಲೆ ಪ್ರತಿಮಾ ಮೇಡಂ ಬಂದರು. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರಮ್ಮು. ಹೊಸ ದಾರಿಯಲ್ಲಿ ನಿಧಾನಕ್ಕೆ ನಡೆದು, ಮೋರಿಯ ಮೇಲೆ ನಿಂತು, ಕಾಲಿನಿಂದ ಒಂದು ಸಲ ಒತ್ತಿ ನೋಡಿದರು. ಇಂಜಿನಿಯರಲ್ಲವೇ.

"ಇವತ್ತು ಕೆಲಸ ನಿಂತಿದ್ದಕ್ಕೆ ಕಾರಣ ಬರೀಬೇಕು," ಅಂದರು. "ಮಳೆ ಅಂತ ಬರೀತೀನಿ. ಆಗ ನಿಮ್ಮ ಮೇಲೆ ಏನೂ ಬರಲ್ಲ. ನಾನು ಮಾಡಕ್ಕಾಗೋದು ಇಷ್ಟೇ."

ಎಲ್ಲರೂ ಮೇಲೆ ನೋಡಿದೆವು. ಮಾರ್ಚ್ ತಿಂಗಳ ಆಕಾಶ. ಒಂದು ಎಳೆ ಮೋಡ ಇರಲಿಲ್ಲ.

"ಬ್ಯಾಡ ಮಗ," ಅಂದಳು ಅತ್ತೆ. "ಮಳೆ ತಾನಾಗೆ ಬತ್ತದೆ, ತಾನಾಗೆ ಓಯ್ತದೆ. ನಾವು ಅಂಗಲ್ಲ. ನಾವು ನಿಲ್ಸಿದ್ದು ಅಂತ ಬರಿ."

"ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ. ಮಳೆ, ಸಾಮಾನು, ಮಷೀನು, ಡ್ರಾಯಿಂಗು. ಕೊನೆಗೆ ಇತರೆ."

"ಇಷ್ಟು ದಿಸ ನಾವಿದ್ದಿದ್ದೂ ಅಲ್ಲೇ ಅಲ್ವಾ? ಅಲ್ಲೇ ಬರಿ. ಆದ್ರೆ ಇತರೆ ಅಂತ ಬುಟ್ಬುಡ್ಬ್ಯಾಡ. ಹೆಸರ ಬರಿ."

"ಯಾರ ಹೆಸರು?"

"ಇಪ್ಪತ್ನಾಕೂ. ಮೊದ್ಲು ನಂದು."

ಮೇಡಂ ಮೋರಿಯ ಮೇಲೇ ಕುಕ್ಕರುಗಾಲಲ್ಲಿ ಕೂತು ಬರೆಯತೊಡಗಿದರು. ಅತ್ತೆ ಒಂದೊಂದೇ ಹೆಸರು ಹೇಳಿದಳು. ಫಾರಮ್ಮಿನಲ್ಲಿ ಜಾಗ ಸಾಲದೆ ಹಿಂದಕ್ಕೆ ತಿರುಗಿಸಿದರು.

ಆ ಹೊತ್ತಿಗೆ ಮಾವ ಬಂದ. ಕೋಲು ಊರಿಕೊಂಡು ಮೋರಿ ದಾಟಿದ. ಗೋಡೆಯ ಪಕ್ಕಕ್ಕೆ ನಡೆದ. ನಾನು ಹಿಂದೆ ಹೊರಟೆ, ಅತ್ತೆ ಬೇಡ ಅಂತ ಕೈ ತೋರಿಸಿದಳು. ಅವನು ಮೂಲೆ ತಿರುಗಿ ಮರೆಯಾದ ಮೇಲೆ ಕೆಮ್ಮು ಮಾತ್ರ ಕೇಳುತ್ತಿತ್ತು. ಕೆಮ್ಮು ಇರುವ ಕಡೆ ಅವನಿದ್ದಾನೆ ಅಂತ ನಾವು ಲೆಕ್ಕ ಹಿಡಿದೆವು. ಜಾಲಿ ಮರದ ಹತ್ತಿರ. ತಗ್ಗಿನ ಹತ್ತಿರ. ಗುಡ್ಡೆಗಳ ಹತ್ತಿರ. ಆಮೇಲೆ ಕೇಳಿಸಲಿಲ್ಲ. ಮೇಡಂ ಬರೆಯುವುದನ್ನು ನಿಲ್ಲಿಸಿದರು. ಆಡುಗಳು ಮಲಗಲು ಪೈಪು ಹುಡುಕುತ್ತ ಓಡಾಡಿದವು. ಎಷ್ಟೋ ಹೊತ್ತಾದ ಮೇಲೆ ಗೋಡೆಯ ಆಚೆ ಒಂದು ಸಲ ಕೆಮ್ಮಿದ್ದು ಕೇಳಿಸಿತು. ಇನ್ನೊಂದು ಸಲ, ಸ್ವಲ್ಪ ಹತ್ತಿರ. ಈ ಕಡೆಗೇ ಬರುತ್ತಿತ್ತು.